ಕಂದು, ನೀಲಿ, ಕಪ್ಪು: ಪಣಂಬೂರಿನಲ್ಲಿ ಸ್ಪ್ರೆಡರ್ ರಿಪೇರಿ ಕಲಿಸಿದ ನನ್ನ ಅನುಭವ

"ಗ್ರೀಸ್ ಗನ್ ಹಿಡಿಯುವವರಿಗೆ ಸೆನ್ಸರ್ ಕಲಿಸ್ತೀರಾ ಮಾರಾಯ್ರೆ?" ಎಂದು ನಕ್ಕವರೇ ಈಗ ರಾತ್ರಿ ಪಾಳಿಗೆ ನನ್ನ ಹುಡುಗರನ್ನು ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ, ಮಂಗಳೂರು ಬಂದರಿನಲ್ಲಿ, ಕಂಟೇನರ್ ಎತ್ತುವ ಗಾಡಿ ರೀಚ್ ಸ್ಟ್ಯಾಕರ್ ನಿಂತರೆ ಹತ್ತರಲ್ಲಿ ಏಳು ಸಲ ಎಂಜಿನ್ ಸರಿಯೇ ಇರುತ್ತದೆ, ಕಾಟ ಸ್ಪ್ರೆಡರಿನದ್ದು, ಅಂದರೆ ಕಂಟೇನರನ್ನು ಮೇಲಿಂದ ಹಿಡಿಯುವ ಚೌಕಟ್ಟಿನದ್ದು. ಉಪ್ಪುಗಾಳಿ, ಅದರ ಮೇಲೆ ಜೂನ್ ಮಳೆ. ಕನೆಕ್ಟರ್ ಪಿನ್ನೆಲ್ಲ ಹಸಿರುಗಟ್ಟುತ್ತದೆ.

ಮೊದಲು ಪ್ರೊಜೆಕ್ಟರ್ ಹಾಕಿ ಮೂರು ದಿನ ಪಾಠ ಮಾಡಿದೆ. ಊಟದ ನಂತರ ಅರ್ಧ ಜನ ನಿದ್ದೆ. ಆಮೇಲೆ ಕೆಟ್ಟು ನಿಂತ ಗಾಡಿಯ ಮೇಲೇ ಕಲಿಸಲು ಹೋದೆ. ಮಲ್ಟಿಮೀಟರಿನ ಲೀಡ್ ಆಂಪಿಯರ್ ತೂತಿನಲ್ಲೇ ಉಳಿದಿತ್ತು, ಒಬ್ಬ ಅದರಲ್ಲೇ ವೋಲ್ಟೇಜ್ ನೋಡಿದ, ನೇರ ಶಾರ್ಟ್. ಗಾಡಿಯ ಕಂಟ್ರೋಲರಿನ ಔಟ್‌ಪುಟ್ ಕಾರ್ಡ್ ಹೊಗೆ. ಸುಮಾರು 35 ಸಾವಿರ, ಜೊತೆಗೆ ನನಗೊಂದು ಮೆಮೊ. ಅವತ್ತೇ ಎಲ್ಲ ಮೀಟರುಗಳ ಆಂಪಿಯರ್ ತೂತಿಗೆ ಎಂ-ಸೀಲ್ ಮೆತ್ತಿದೆ. ಇವತ್ತಿಗೂ ಹಾಗೇ ಉಂಟು.

ಕೊನೆಗೆ ಗುಜರಿಗೆ ಹೋಗಲಿದ್ದ ಹಳೇ ಸ್ಪ್ರೆಡರೊಂದನ್ನು ಕಾಡಿಬೇಡಿ ಶೆಡ್ಡಿಗೆ ತಂದೆ. 12 ವೋಲ್ಟಿನ ಎರಡು ಬ್ಯಾಟರಿ ಸೇರಿಸಿ 24 ಮಾಡಿದೆ. ಹೈಡ್ರಾಲಿಕ್ ಇಲ್ಲ, ಮೂಲೆಗಳಲ್ಲಿ ಕಂಟೇನರನ್ನು ಹಿಡಿಯುವ ಟ್ವಿಸ್ಟ್ ಲಾಕನ್ನು ಪೈಪ್ ಹಾಕಿ ಕೈಯಲ್ಲೇ ಕಾಲು ಸುತ್ತು ತಿರುಗಿಸುವುದು, ಸ್ಪ್ರೆಡರ್ ಕಂಟೇನರಿನ ಮೇಲೆ ಕೂತಿದೆಯೆಂದು ಸೆನ್ಸರಿಗೆ ತಿಳಿಸುವ ಲ್ಯಾಂಡಿಂಗ್ ಪಿನ್ನನ್ನು ಮರದ ತುಂಡಿನಿಂದ ಎತ್ತುವುದು. ಬಲ್ಬು, ವೈರು, ಸ್ವಿಚ್ಚು ಸೇರಿ ಎಂಟೊಂಬತ್ತು ಸಾವಿರ ಖರ್ಚಾಗಿರಬಹುದು.

ದಿನಾ ಬೆಳಿಗ್ಗೆ ಅದರಲ್ಲೊಂದು ದೋಷ ಬಚ್ಚಿಡುತ್ತಿದ್ದೆ. ಸೆನ್ಸರನ್ನು ಎರಡು ಥ್ರೆಡ್ ಹಿಂದೆ ಸರಿಸುವುದು, ಸತ್ತ ಫ್ಯೂಸ್ ಹಾಕುವುದು, ಇತ್ಯಾದಿ. ಹೊರಗೆ ಕಾಣದಂತೆ ವೈರನ್ನು ಒಳಗೇ ಹೇಗೆ ತುಂಡರಿಸುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ, ಹೊಸ ಬ್ಯಾಚ್ ಬರಲಿಕ್ಕುಂಟು. ಡ್ರಾಯಿಂಗ್ ಓದಿಸಲಿಲ್ಲ. ಸೆನ್ಸರಿನ ಮೂರು ವೈರಿಗೆ (ಕಂದು ಪ್ಲಸ್, ನೀಲಿ ಮೈನಸ್, ಕಪ್ಪು ಸಿಗ್ನಲ್) ಮೂರೇ ಪ್ರಶ್ನೆ: ಕಂದಿಗೆ 24 ಬಂತಾ? ನೀಲಿ ಗಟ್ಟಿ ಉಂಟಾ? ಕಬ್ಬಿಣ ಹಿಡಿದರೆ ಕಪ್ಪು ಮಾತಾಡ್ತದಾ?

ನಡುವೆ ಇನ್ನೊಂದು ಹುಚ್ಚು. ಕನೆಕ್ಟರಿಗೆ ವ್ಯಾಸಲೀನ್ ಸಾಕು ಎಂದು ಒಬ್ಬ ಹಟ ಹಿಡಿದ. ಒಂದಕ್ಕೆ ಅದು, ಇನ್ನೊಂದಕ್ಕೆ ಸಿಲಿಕೋನ್ ಗ್ರೀಸ್ ಹಚ್ಚಿ ಏಪ್ರಿಲಿನಲ್ಲಿ ಶೆಡ್ಡಿನ ಮಾಡಿನ ಮೇಲಿಟ್ಟೆವು. ವ್ಯಾಸಲೀನ್ ಬಿಸಿಲಿಗೇ ಕರಗಿ ಸೋರಿತು. ಮಳೆಗಾಲ ಮುಗಿದಾಗ ಆ ಪಿನ್ ಹಸಿರು, ಗ್ರೀಸಿನದ್ದು ಹೊಳೆಯುತ್ತಿತ್ತು.

ಹನ್ನೊಂದು ಜನರಲ್ಲಿ ಏಳು ಜನ ತಯಾರಾದರು, ನಾಲ್ಕು ತಿಂಗಳು ಹಿಡಿಯಿತು. ಮರು ಜುಲೈಯಲ್ಲಿ, ರಾತ್ರಿ ಎರಡು ಗಂಟೆಗೆ, ಬರ್ತಿನಲ್ಲಿ ಹಡಗು ಇರುವಾಗಲೇ ಒಂದು ಗಾಡಿಯ ಲಾಕ್ ತಿರುಗದೆ ನಿಂತಿತು. ಕಂಪನಿ ಎಂಜಿನಿಯರ್ ಬೆಳಿಗ್ಗೆ ಬರುತ್ತೇನೆಂದ. ಹತ್ತನೇ ಕ್ಲಾಸು ಫೇಲಾದ ನನ್ನ ಹುಡುಗ ಮಳೆಯಲ್ಲೇ ಮೂಲೆಯಿಂದ ಮೂಲೆಗೆ ಹೋಗಿ, ನಲವತ್ತು ನಿಮಿಷದಲ್ಲಿ ಫೋನ್ ಮಾಡಿದ: "ಮೂರನೇ ಮೂಲೆಯಲ್ಲಿ ಕಪ್ಪು ಮಾತಾಡುದಿಲ್ಲ ಸಾರ್. ಕೇಬಲ್ ಬಗ್ಗುವಲ್ಲಿ ಒಳಗೆ ಕಟ್ಟಾಗಿದೆ. ಜೋಡಿಸ್ಲಾ?"

ಎಂಜಿನಿಯರ್ ಬೆಳಿಗ್ಗೆ ಬಂದು ಚಾ ಕುಡಿದು ಹೋದ. ಬಂದುಹೋದ ಖರ್ಚಿನ ಬಿಲ್ಲು ಮಾತ್ರ ಬಂತು.