ಮಳೆಯ ಜಮಾ-ಖರ್ಚನ್ನು ಹಿತ್ತಲಿನಲ್ಲೇ ಬರೆಯುವುದು ಹೇಗೆ?

ಮೃಗಶಿರಾ ಮಳೆ ಹಿಡಿಯಿತೆಂದರೆ ಹುಬ್ಬಳ್ಳಿಯ ಎಪಿಎಂಸಿ ಅಂಗಳದಿಂದ ನವಲಗುಂದದ ಚಹಾದಂಗಡಿಯವರೆಗೆ ಕೇಳಿಬರುವ ಪ್ರಶ್ನೆ ಒಂದೇ: ‘ನಿಮ್ಮ ಕಡೆ ಮಳಿ ಹೆಂಗ?’ ‘ಹದ ಆತು’, ‘ಬರೇ ಧೂಳ ಅಡಗಿತು’ ಎಂಬಷ್ಟಕ್ಕೆ ಉತ್ತರವೂ ಮುಗಿಯುತ್ತದೆ. ಬಂದ ನೀರು ಎಲ್ಲಿ ಹೋಯಿತೆಂದು ಕೇಳುವವರು ಕಡಿಮೆ. ಶಾಲೆಯ ಪುಸ್ತಕದಲ್ಲಿ ನಾವೆಲ್ಲ ನೋಡಿದ ಜಲಚಕ್ರದ ಚಿತ್ರದಲ್ಲಿ ಸಮುದ್ರದಿಂದ ಮೋಡಕ್ಕೆ, ಮೋಡದಿಂದ ಬೆಟ್ಟಕ್ಕೆ, ಬೆಟ್ಟದಿಂದ ನದಿಗೆ ಎಳೆದ ಬಾಣಗಳೆಲ್ಲ ಒಂದೇ ದಪ್ಪವಾಗಿರುತ್ತವೆ; ಆ ಚಿತ್ರದ ದೊಡ್ಡ ಕೊರತೆ ಅದೇ ಎಂಬುದು ನನ್ನ ಅಭಿಪ್ರಾಯ. ನಮ್ಮ ಭಾಗದಲ್ಲಿ ಯಾವ ಬಾಣ ದಪ್ಪ, ಯಾವುದು ತೆಳು ಎಂಬುದನ್ನು ಒಂದು ಬಾಟಲಿ, ಒಂದು ಪರಾತ ಮತ್ತು ಒಂದು ಹಳೆಯ ಡಬ್ಬಿಯಿಂದ ಮನೆಯಲ್ಲೇ ಅಳೆಯಬಹುದು.

ಮೊದಲು ಜಮೆಯ ಬಾಜೂ. ಎರಡು ಲೀಟರಿನ, ಗೋಡೆ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿಯನ್ನು ಹೆಗಲಿನ ಕೆಳಗೆ ಕತ್ತರಿಸಿ, ಮೇಲಿನ ತುಂಡನ್ನು ತಲೆಕೆಳಗಾಗಿಸಿ ಆಲಿಕೆಯಂತೆ ಕೂಡಿಸಿರಿ. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಅದು ಮುಚ್ಚುವಷ್ಟು ನೀರು ಹಾಕಿ, ಆ ನೀರಿನ ಮಟ್ಟಕ್ಕೆ ಅಳತೆಪಟ್ಟಿಯ ಸೊನ್ನೆ ಬರುವಂತೆ ಹೊರಗೆ ಅಂಟಿಸಬೇಕು. ಗಾಳಿಗೆ ಬೀಳದಂತೆ ಸುತ್ತ ಇಟ್ಟಿಗೆ ಇಟ್ಟರೆ ಸಾಕು. ಆದರೆ ಇಡುವ ಜಾಗದಲ್ಲಿ ಅವಸರ ಬೇಡ. ಮೊದಲ ವರ್ಷ ನಾನು ಇದನ್ನು ಮಾಳಿಗೆಯ ಮೇಲೆ ನೀರಿನ ಟಾಕಿಯ ಮಗ್ಗುಲಲ್ಲಿ ಇಟ್ಟು, ಪಡುವಣ ಗಾಳಿಯ ಮಳೆಯನ್ನೆಲ್ಲ ಟಾಕಿಯೇ ತಡೆಯುತ್ತಿದ್ದುದನ್ನು ಗಮನಿಸದೆ, ಇಡೀ ಆಷಾಢದ ಲೆಕ್ಕ ಕೆಡಿಸಿಕೊಂಡೆ. ಹತ್ತಿರದ ಗೋಡೆ ಅಥವಾ ಗಿಡ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇರಬೇಕು. ಹವಾಮಾನ ಇಲಾಖೆಯವರು ಓದುವ ಸಮಯವಾದ ಬೆಳಗಿನ 8.30ಕ್ಕೇ ನೀವೂ ಓದಿ ಬರೆದು, ನೀರನ್ನು ಸೊನ್ನೆಯ ಗೆರೆಗೆ ಇಳಿಸಿ ಇಡಿ. ಒಂದು ಚದರ ಮೀಟರಿನ ಮೇಲೆ ಒಂದು ಮಿ.ಮೀ. ಮಳೆ ಎಂದರೆ ಒಂದು ಲೀಟರ್. ಒಂದು ಗುಂಟೆಗೆ ಅದು ನೂರು ಲೀಟರ್ ಮಿಕ್ಕುತ್ತದೆ, ಒಂದು ಎಕರೆಗೆ ನಾಲ್ಕು ಸಾವಿರ ಲೀಟರ್ ದಾಟುತ್ತದೆ.

ಖರ್ಚಿನ ಬಾಜೂದಲ್ಲಿ ದೊಡ್ಡದು ಆವಿ. ಅಡುಗೆಮನೆಯ 36 ಸೆಂ.ಮೀ. ಅಗಲದ, ನೇರ ಅಂಚಿನ ಪರಾತವನ್ನು ಬಿಸಿಲಿನಲ್ಲಿಟ್ಟು, ಅಂಚಿನಿಂದ ಎರಡು ಬೆರಳು ಕೆಳಗೆ ಗೆರೆ ಹಾಕಿ, ಅಲ್ಲಿಯವರೆಗೆ ನೀರು ತುಂಬಿಸಿ. ಕಾಗೆ, ನಾಯಿ ಕುಡಿಯದಂತೆ ಮೇಲೆ ತಂತಿಬಲೆ ಇರಲಿ. ಮರುದಿನ ಅದೇ 8.30ಕ್ಕೆ ಮತ್ತೆ ಗೆರೆ ಮುಟ್ಟಿಸಲು ಎಷ್ಟು ಮಿ.ಲೀ. ಸುರಿಯಬೇಕಾಯಿತೆಂದು ನೋಡಿ, ಈ ಅಗಲದ ಪರಾತಕ್ಕೆ ನೂರು ಮಿ.ಲೀ. ಎಂದರೆ ಹೆಚ್ಚುಕಡಿಮೆ ಒಂದು ಮಿ.ಮೀ. ಸಣ್ಣ ಲೋಹದ ಪಾತ್ರೆ ಬೇಗ ಕಾಯುವುದರಿಂದ ನಿಮ್ಮ ಅಂಕಿ ಕೆರೆಯ ಅಂಕಿಗಿಂತ ತುಸು ಹೆಚ್ಚೇ ಬರುತ್ತದೆ. ಆದರೂ ಏಪ್ರಿಲ್‌ನಲ್ಲಿ ಗದಗಿನ ಒಣಗಾಳಿಗೆ ಪರಾತ ಎಷ್ಟು ಕೇಳುತ್ತದೆ, ಶ್ರಾವಣದ ಜಿಟಿಜಿಟಿಯಲ್ಲಿ ಎಷ್ಟು ಕೇಳುತ್ತದೆ ಎಂಬ ಅಂತರವನ್ನು ಕಣ್ಣಾರೆ ಕಂಡರೆ ಬಿಸಿಲು, ಗಾಳಿ, ತೇವ ಇವುಗಳ ಪಾತ್ರವನ್ನು ಬೇರೆ ವಿವರಿಸಬೇಕಾಗುವುದಿಲ್ಲ. ಧಾರವಾಡದಲ್ಲಿ ವರ್ಷಕ್ಕೆ ಸರಾಸರಿ 700ರಿಂದ 800 ಮಿ.ಮೀ., ಗದಗಿನಲ್ಲಿ 600ರ ಆಸುಪಾಸು ಮಳೆ. ತೆರೆದ ನೀರಿನಿಂದ ವರ್ಷವಿಡೀ ಆರಿಹೋಗಬಲ್ಲ ಪ್ರಮಾಣ ಇದನ್ನು ಸುಲಭವಾಗಿ ಮೀರಿಸುತ್ತದೆ. ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ, ಹರವಿಯ ನೀರು ತಣ್ಣಗಿರುವುದು ಇದರಿಂದಲೇ.

ಗಿಡಗಳೂ ಈ ಖರ್ಚಿನಲ್ಲಿ ಪಾಲುದಾರರು. ಬೆಳಿಗ್ಗೆ ಬೇವಿನ ಟೊಂಗೆಯೊಂದಕ್ಕೆ ಪಾರದರ್ಶಕ ಚೀಲ ಕಟ್ಟಿ ಎರಡು ತಾಸು ಬಿಟ್ಟರೆ ಒಳಗೆ ಹನಿಗಟ್ಟಿರುತ್ತದೆ. ಅದು ಬೇರಿನಿಂದ ಎಲೆಗೆ ಬಂದು ಬೆವರಿದ ನೀರು.

ಮುಂದೆ ಮಣ್ಣಿನ ಪರೀಕ್ಷೆ. ಈ ಜಿಲ್ಲೆಗಳ ಮಟ್ಟಿಗೆ ಎಲ್ಲಕ್ಕಿಂತ ರೋಚಕವಾದ ಭಾಗವೂ ಇದೇ. ಎರಡೂ ಕಡೆ ತೆಗೆದ ಎಣ್ಣೆ ಡಬ್ಬಿಯನ್ನು ಎರಡು ಇಂಚು ನೆಲಕ್ಕೆ ಒತ್ತಿ, ಒಳಗೆ ನಾಲ್ಕು ಬೆರಳು ನೀರು ಹಾಕಿ, ಇಂಗಲು ಹಿಡಿದ ಸಮಯ ಬರೆಯಿರಿ. ಇಂಗಿದ ಮೇಲೆ ಮತ್ತೆ ಹಾಕಿ, ಮತ್ತೆ ಬರೆಯಿರಿ. ಕಪ್ಪತಗುಡ್ಡದ ಸೆರಗಿನ ಮಸಾರಿ (ಕೆಂಪು ಮಣ್ಣಿನ) ಹೊಲದಲ್ಲಿ ಎರಡನೆಯ ಸಲವೂ ನೀರು ಚೆನ್ನಾಗಿಯೇ ಇಳಿಯುತ್ತದೆ. ನವಲಗುಂದ, ನರಗುಂದದ ಎರಿ (ಕಪ್ಪು ಮಣ್ಣಿನ) ಹೊಲದ ರೀತಿಯೇ ಬೇರೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ಎರಿ ಮಣ್ಣು ಮೊದಲ ಅಡ್ಡಮಳೆಯನ್ನು ಬಿರುಕುಗಳ ಮೂಲಕ ನೇರವಾಗಿ ಆಳಕ್ಕೆ ಕುಡಿಯುತ್ತದೆ. ನೆನೆದು ಉಬ್ಬಿ ಬಿರುಕು ಮುಚ್ಚಿಕೊಂಡಿತೆಂದರೆ ಇಂಗುವಿಕೆ ಬಹುಪಾಲು ನಿಂತು, ಮುಂದಿನ ಮಳೆ ಒಡ್ಡು ಹಾರಿ ಹಳ್ಳಕ್ಕೆ ಓಡುತ್ತದೆ. ಬೆಣ್ಣೆಹಳ್ಳ ದಿಢೀರನೆ ಉಕ್ಕುವುದಕ್ಕೆ ಈ ಗುಣವೂ ಒಂದು ಕಾರಣ. ಆದರೆ ಒಮ್ಮೆ ಹಿಡಿದ ತೇವವನ್ನು ಇದೇ ಮಣ್ಣು ತಿಂಗಳುಗಟ್ಟಲೆ ಬಿಡದು. ಹಿಂಗಾರಿನ ಬಿಳಿಜೋಳ ಮಳೆಯಿಲ್ಲದೆ ತೆನೆಗಟ್ಟುವುದು ಈ ಉಳಿತಾಯದ ಮೇಲೆ. ಬಿರುಕುಗಳಿಂದ ತೇವ ಆರಿಹೋಗದಿರಲೆಂದೇ ಹಿರಿಯರು ಸಾಲಿನ ನಡುವೆ ಎಡೆ ಹೊಡೆಯುತ್ತ ಬಂದರು.

ಇಂಗದೆ ಉಳಿದ ನೀರು ನಿಮ್ಮ ಓಣಿಯ ಗಟಾರದಿಂದ ಯಾವ ದಿಕ್ಕಿಗೆ ಹೊರಟಿತೆಂದು ನೋಡಿ. ಹುಬ್ಬಳ್ಳಿ-ಧಾರವಾಡ ನೀರು ಹಂಚುವ ದಿಣ್ಣೆಯ ಮೇಲಿರುವ ಊರು. ಸೋಮೇಶ್ವರದಲ್ಲಿ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರಿ, ಗಂಗಾವಳಿಯಾಗಿ ಅರಬ್ಬಿ ಸಮುದ್ರ ಕಾಣುತ್ತಾಳೆ. ಪೂರ್ವದ ಇಳಿಜಾರಿನ ಮಳೆ ತುಪ್ಪರಿಹಳ್ಳ, ಬೆಣ್ಣೆಹಳ್ಳಗಳ ಮೂಲಕ ಮಲಪ್ರಭೆಗೆ, ಅಲ್ಲಿಂದ ಕೃಷ್ಣೆಗೆ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಹಾವೇರಿ ಜಿಲ್ಲೆಯ ವರದಾ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತದೆ.

ಇನ್ನು ಜಮೆಯನ್ನೇ ಹೆಚ್ಚುಕಡಿಮೆ ಮಾಡುವ ಸಂಗತಿಗಳು. ಮುಂಗಾರು ಗಾಳಿ ಸಮುದ್ರದ ಆವಿಯನ್ನು ಹೊತ್ತು ಸಹ್ಯಾದ್ರಿ ಏರುವಾಗ ತಣಿದು, ಮಳೆಯ ಬಹುಪಾಲನ್ನು ಅಲ್ಲಿಯೇ ಸುರಿಸುತ್ತದೆ. ಇಳಿಯುವಾಗ ಬಿಸಿಯಾಗಿ ಒಣಗುತ್ತದೆ. ಆದ್ದರಿಂದಲೇ ಕಲಘಟಗಿಯಲ್ಲಿ ಭತ್ತ, ನವಲಗುಂದದಲ್ಲಿ ಕಡಲೆ. ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದು ಹಿಡಿದಿಡಬಲ್ಲ ಆವಿ ಸುಮಾರು ಶೇ. 7ರಷ್ಟು ಹೆಚ್ಚುತ್ತದೆ, ಹೀಗಾಗಿ ಒಂದೇ ಸಲ ಜೋರು ಮಳೆ ಬಿದ್ದು, ನಡುವೆ ಒಣ ದಿನಗಳು ದೀರ್ಘವಾಗುವ ಸಂಭವವೂ ಹೆಚ್ಚುತ್ತದೆ. ಅಂಗಳಕ್ಕೆ ಕಾಂಕ್ರೀಟ್ ಹಾಕಿಸಿದರೆ ಇಂಗುವ ಬಾಣವನ್ನು ನಾವೇ ಅಳಿಸಿದಂತೆ.

ಮಳೆ ಬಂದ ದಿನ ಪರಾತದ ಲೆಕ್ಕ ಹಲವರಿಗೆ ತಪ್ಪುತ್ತದೆ. ಬಾಟಲಿ 12 ಮಿ.ಮೀ. ತೋರಿಸಿ, ಪರಾತದಿಂದ ಗೆರೆಗೆ ಇಳಿಸಲು 900 ಮಿ.ಲೀ. ತೆಗೆಯಬೇಕಾಯಿತು ಎನ್ನಿ, ಬಿದ್ದದ್ದು 12, ಉಳಿದದ್ದು 9, ಆವಿಯಾದದ್ದು 3. ಪರಾತ ತುಂಬಿ ಹೊರಚೆಲ್ಲಿದ್ದರೆ ಆ ದಿನದ ಆವಿಯ ಕಾಲಮಿನಲ್ಲಿ ಅಂದಾಜು ಬರೆಯದೆ, ಒಂದು ಅಡ್ಡಗೆರೆ ಎಳೆದು ಬಿಡಿ.