ಚೆಸ್ ಬೋರ್ಡಿನ ಮೇಲೆ ಒಂದು ಊರು ಕಟ್ಟಿ ನೋಡಿ

ಏಜೆಂಟ್ ಆಧಾರಿತ ಸಿಮ್ಯುಲೇಷನ್ (ಒಬ್ಬೊಬ್ಬರಿಗೂ ಒಂದು ಸಣ್ಣ ನಿಯಮ ಕೊಟ್ಟು, ಎಲ್ಲರೂ ಸೇರಿದಾಗ ಏನಾಗುತ್ತದೆ ಎಂದು ನೋಡುವ ಅಣಕು ಪ್ರಯೋಗ) ಅಂದ ಕೂಡಲೇ ದೊಡ್ಡ ಕಂಪ್ಯೂಟರ್ ಬೇಕು ಅಂದುಕೊಳ್ಳಬೇಡಿ. ಒಂದು ಚೆಸ್ ಬೋರ್ಡ್, 22 ಹುಣಸೆ ಬೀಜ, 22 ಕಡಲೆಬೀಜ ಸಾಕು. ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ ಕೂಡ ನಾಣ್ಯ ಸರಿಸುತ್ತಲೇ ಶುರು ಮಾಡಿದವರು. ಅಲ್ಲಿನ ನಗರಗಳಲ್ಲಿ ಬಿಳಿಯರ ಕೇರಿ, ಕಪ್ಪು ಜನರ ಕೇರಿ ಬೇರೆ ಬೇರೆ ಯಾಕಾಗುತ್ತವೆ ಎಂಬುದು ಅವರ ಪ್ರಶ್ನೆ. 1971ರಲ್ಲಿ ಅದರ ಬಗ್ಗೆ ವಿವರವಾಗಿ ಬರೆದರು.

ಮೊದಲು ಬೀಜಗಳನ್ನು ಚೀಲಕ್ಕೆ ಹಾಕಿ ಕುಲುಕಿ. ನೋಡದೆ ತೆಗೆದು ಮನೆಗೊಂದರಂತೆ ಇಡಿ. 20 ಮನೆ ಖಾಲಿ ಉಳಿಯಬೇಕು, ಅವೂ ಅಲ್ಲಲ್ಲಿ ಚದುರಿರಲಿ.

ಈಗ ನಿಯಮ. ಸುತ್ತಲಿನ ಬೀಜಗಳಲ್ಲಿ ಮೂರನೇ ಒಂದು ಪಾಲಾದರೂ ತನ್ನ ಥರದ್ದಿದ್ದರೆ ಅದು ಸುಮ್ನೆ ಕೂರುತ್ತದೆ. ಇಲ್ಲವಾದರೆ ತನಗೆ ಒಗ್ಗುವ ಹತ್ತಿರದ ಖಾಲಿ ಮನೆಗೆ ಹೋಗುತ್ತದೆ. ಅಂದರೆ ಆರು ನೆರೆಯವರಲ್ಲಿ ನಾಲ್ವರು ಬೇರೆಯವರಾದರೂ ತಕರಾರಿಲ್ಲ. ಒಳ್ಳೆಯ ಜನವೇ, ಅಲ್ವಾ?

ಒಂದೊಂದೇ ಸರಿಸುತ್ತಾ ಹೋಗಿ. ನಾನು ಆಡಿದಾಗ ಮೂಲೆಯ ಹುಣಸೆ ಬೀಜವೊಂದು ಎರಡು ಕಡಲೆ, ಒಂದು ಹುಣಸೆಯ ಪಕ್ಕ ಹಾಯಾಗಿತ್ತು. ಆ ಹುಣಸೆ ತನ್ನ ಕಾರಣಕ್ಕೆ ಎದ್ದು ಹೋದದ್ದೇ ತಡ, ಏನೂ ಮಾಡದ ಇದೂ ಗಂಟುಮೂಟೆ ಕಟ್ಟಬೇಕಾಯಿತು. ಒಬ್ಬರು ಎದ್ದರೆ ಅಲ್ಲಿಯ ಲೆಕ್ಕವೂ ಬದಲು, ಹೋಗಿ ಕೂತಲ್ಲಿಯ ಲೆಕ್ಕವೂ ಬದಲು. ಕೊನೆಗೆ ನೋಡಿದರೆ ಬೋರ್ಡಿನಲ್ಲಿ ಹುಣಸೆಯದೇ ಒಂದು ಕೇರಿ, ಕಡಲೆಯದೇ ಒಂದು ಕೇರಿ. ಹೀಗಾಗಲಿ ಎಂದು ಯಾವ ಬೀಜವೂ ಬಯಸಿರಲಿಲ್ಲ.

ಕೈ ಸೋತ ಮೇಲೆ ಕಂಪ್ಯೂಟರಿಗೆ ಬನ್ನಿ. ಇಂಥ ಸಿಮ್ಯುಲೇಷನ್‌ಗೆಂದೇ ಯೂರಿ ವಿಲೆನ್ಸ್ಕಿ 1999ರಲ್ಲಿ ಹೊರತಂದ ನೆಟ್‌ಲೋಗೋ ಎಂಬ ತಂತ್ರಾಂಶ ಉಚಿತ. ಅದರ ಮಾಡೆಲ್ಸ್ ಲೈಬ್ರರಿಯ ಸೋಷಿಯಲ್ ಸೈನ್ಸ್ ವಿಭಾಗದಲ್ಲಿ ಇದೇ ಆಟ ಸೆಗ್ರಿಗೇಷನ್ ಎಂಬ ಹೆಸರಿನಲ್ಲಿದೆ. ಸೆಟಪ್ ಒತ್ತಿ, ಗೋ ಒತ್ತಿ. ನೆರೆಯಲ್ಲಿ ನಮ್ಮಂಥವರು ಶೇ. 30 ಇದ್ದರೆ ಸಾಕು ಎಂದು ಸ್ಲೈಡರಿನಲ್ಲಿ ಹೇಳಿದರೂ, ಕೊನೆಗೆ ನೆರೆಯಲ್ಲಿ ತಮ್ಮಂಥವರ ಪಾಲು ಸರಾಸರಿ ಶೇ. 70ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಒಂದೇ ಸಲ ಓಡಿಸಿ ತೀರ್ಮಾನಕ್ಕೆ ಬರಬೇಡಿ, ಶುರುವಿನ ಜೋಡಣೆ ಪ್ರತಿ ಸಲ ಬೇರೆ.

ಇಲ್ಲೇ ಜಾಸ್ತಿ ಜನ ಎಡವುವುದು. ಹೀಗೂ ಆಗಬಹುದು ಅಂತಷ್ಟೇ ಇದು ತೋರಿಸುತ್ತದೆ, ಅಮೆರಿಕದಲ್ಲಿ ಹೀಗೇ ಆಯಿತು ಅಂತಲ್ಲ. ಅಲ್ಲಿ ಕಪ್ಪು ಜನರಿಗೆ ಸಾಲ ಕೊಡದ ಬ್ಯಾಂಕುಗಳಿದ್ದವು, ಮನೆ ಮಾರಬಾರದೆಂಬ ಕರಾರುಗಳಿದ್ದವು. ಬೀಜಗಳಿಗೆ ಅದೆಲ್ಲ ಗೊತ್ತಿಲ್ಲ.

ಆಮೇಲೆ ಆ ಸ್ಲೈಡರನ್ನು 80 ದಾಟಿಸಿ ನೋಡಿ. ಕೇರಿಯೇ ಕಟ್ಟುವುದಿಲ್ಲ. ಯಾರಿಗೂ ಯಾವ ಮನೆಯೂ ಒಗ್ಗದೆ ಎಲ್ಲರೂ ಓಡುತ್ತಲೇ ಇರುತ್ತಾರೆ, ನೀವೇ ನಿಲ್ಲಿಸುವವರೆಗೆ.