ಗದ್ದೆಯ ಗೋಲ್‌ಕೀಪರ್ ಸೆಂಟರ್ ಆದದ್ದು

ನನ್ನ ಎತ್ತರ ಆರಡಿ ಮೂರಿಂಚು. ಬದಿಯಡ್ಕದಲ್ಲಿ ಇಷ್ಟಿದ್ದರೆ, "ಅಡಿಕೆ ಕೊಯ್ಯಲು ನಿಂಗೆ ದೋಟಿ ಬೇಡ ಅಲ್ವಾ?" ಎಂದು ಎಲ್ಲರೂ ಕೇಳುತ್ತಾರೆ. ಪ್ಲಸ್ ಟು ಮುಗಿಯುವವರೆಗೆ ನನ್ನದು ಫುಟ್‌ಬಾಲ್. ಕೊಯ್ಲಾದ ಗದ್ದೆಯಲ್ಲಿ ನಾನೇ ಗೋಲ್‌ಕೀಪರ್. ಡಿಗ್ರಿಗೆ ಮಂಗಳೂರಿಗೆ ಹೋದಾಗ ಬಾಸ್ಕೆಟ್‌ಬಾಲ್ ಕೋಚ್ ಎತ್ತರ ನೋಡಿ ಸುಮ್ನೆ ರಿಂಗಿನ ಕೆಳಗೆ, ಸೆಂಟರ್ ಜಾಗದಲ್ಲಿ ನಿಲ್ಲಿಸಿದರು. ಮೊದಲ ಮ್ಯಾಚಿನಲ್ಲಿ ಅರ್ಧ ಹೊತ್ತಿಗೇ ಐದು ಫೌಲ್ ಆಗಿ ಬೆಂಚಿನಲ್ಲಿ ಕೂತೆ.

ಆಗ ಒಬ್ಬ ಸೀನಿಯರ್ ತೋರಿಸಿದ್ದು ಹಕೀಮ್ ಒಲಾಜುವಾನ್ ಅವರ ವೀಡಿಯೊ. 1963ರಲ್ಲಿ ನೈಜೀರಿಯಾದ ಲಾಗೋಸ್‌ನಲ್ಲಿ ಹುಟ್ಟಿದವರು. ಹದಿಹರೆಯದಲ್ಲಿ ಹ್ಯಾಂಡ್‌ಬಾಲ್ ಆಡುತ್ತಿದ್ದರು, ಫುಟ್‌ಬಾಲ್‌ನಲ್ಲಿ ಗೋಲ್‌ಕೀಪರ್! ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದಕ್ಕೆ ಡ್ರಾಫ್ಟ್ ಎನ್ನುತ್ತಾರೆ; 1984ರ ಡ್ರಾಫ್ಟ್‌ನಲ್ಲಿ ಹ್ಯೂಸ್ಟನ್ ರಾಕೆಟ್ಸ್ ತಂಡ ಮೊದಲು ಕರೆದದ್ದು ಇವರನ್ನು. ಮೈಕೆಲ್ ಜೋರ್ಡಾನ್ ಸಿಕ್ಕಿದ್ದೇ ಮೂರನೆಯವರಾಗಿ. 1994, 1995, ಎರಡೂ ವರ್ಷ ಕಪ್ ರಾಕೆಟ್ಸ್‌ಗೆ. ಎದುರಾಳಿಯ ಶಾಟ್ ತಡೆಯುವ ಬ್ಲಾಕ್‌ಗಳಲ್ಲಿ ಅವರ 3,830ರ ದಾಖಲೆ ಇನ್ನೂ ಮುರಿದಿಲ್ಲ.

ನನಗೆ ಬೇಕಿದ್ದದ್ದು ಅವರ 'ಡ್ರೀಮ್ ಶೇಕ್' ಎಂಬ ಪಟ್ಟು. ರಜೆಯಲ್ಲಿ ಅಡಿಕೆ ಒಣಗಿಸುವ ಅಂಗಳವೇ ಕೋರ್ಟ್. ತಮ್ಮ ನನ್ನ ಬೆನ್ನಿಗೆ ಎದೆಯೊತ್ತಿ ನಿಲ್ಲುತ್ತಿದ್ದ. ರಿಂಗಿಗೆ ಬೆನ್ನು ಹಾಕಿ ಚೆಂಡು ಹಿಡಿಯಬೇಕು. ಎದುರಾಳಿಯ ಭಾರ ಯಾವ ಕಡೆ ಇದೆ ಎಂದು ಬೆನ್ನಿನಲ್ಲೇ ತಿಳಿಯಬೇಕು. ಎಡಕ್ಕೆ ಭುಜ ತೋರಿಸಿ, ಅವನು ವಾಲಿದ ಕೂಡಲೇ ಬಲಕ್ಕೆ ತಿರುಗಿ ಶಾಟ್. ಅವನು ವಾಪಸ್ ಬಂದರೆ? ಎಸೆಯುವ ಹಾಗೆ ಚೆಂಡು ಎತ್ತಿ, ಅವನು ಹಾರಿದ ಮೇಲೆ ಅವನ ಕೈಯಡಿಯಿಂದ ನುಸುಳುವುದು.

ಹೇಳುವುದು ಸುಲಭ. ಚೆಂಡು ಪುಟಿಸಲು ಹೊರಟಾಗ, ಅದು ಕೈ ಬಿಡುವ ಮೊದಲೇ ಊರಿದ ಕಾಲು ಎದ್ದರೆ ಟ್ರಾವೆಲಿಂಗ್, ಅಂದರೆ ನಿಯಮ ತಪ್ಪಿದ ಹೆಜ್ಜೆ. ಎರಡು ತಿಂಗಳು ನನಗೆ ಬರೀ ಟ್ರಾವೆಲಿಂಗೇ. ಭುಜವೂ ಸರಿಯಾಗಿ ಅಲುಗುತ್ತಿರಲಿಲ್ಲ, ತಮ್ಮ ನಕ್ಕುಬಿಡುತ್ತಿದ್ದ. ಆಮೇಲೆ ಗದ್ದೆಯ ಪೆನಾಲ್ಟಿಗಳು ನೆನಪಾದವು. ನನ್ನನ್ನು ಏಮಾರಿಸಿದವರು ಜೋರಾಗಿ ಆಡಿದವರಲ್ಲ. ಒದೆಯುವ ಮುಂಚೆ ಒಂದು ಕ್ಷಣ ತಡೆದು, ನಾನು ವಾಲುವುದನ್ನು ಕಾದವರು. ನನ್ನ ತಪ್ಪು ಅಲ್ಲೇ ಇತ್ತು. ಭುಜ ತೋರಿಸಿ ನಾನು ಕಾಯುತ್ತಲೇ ಇರಲಿಲ್ಲ. ಕಾಯಲು ಕಲಿತ ಮೇಲೆ ಶೇಕ್ ತಾನಾಗಿ ಬಂತು. ಎತ್ತರ ಅಲ್ಲಿ ಎರಡನೇ ಮಾತು.

ಒಲಾಜುವಾನ್ 2002ರಲ್ಲಿ ನಿವೃತ್ತರಾದರು. ಆಮೇಲೆ ಲೆಬ್ರಾನ್ ಜೇಮ್ಸ್, ಕೋಬಿ ಬ್ರಯಾಂಟ್ ಅಂಥ ಎನ್‌ಬಿಎ ತಾರೆಗಳೇ ಅವರ ಹತ್ತಿರ ಕಾಲ್ಚಳಕ ಕಲಿಯಲು ಹೋಗಿದ್ದರು. ನಾನು ಸಂಜೆ ಹೊತ್ತು ಊರಿನ ಮಕ್ಕಳಿಗೆ ಹೇಳಿಕೊಡುತ್ತೇನೆ, ಅಷ್ಟೇ.

ಈಚೆಗೆ ಒಂದು ರಂಜಾನ್‌ನಲ್ಲಿ ಮೊಗ್ರಾಲ್ ಕಡೆಯ ಹುಡುಗನೊಬ್ಬ ಉಪವಾಸ, ಪ್ರಾಕ್ಟೀಸ್ ಆಗುವುದಿಲ್ಲ ಎಂದ. ಒಲಾಜುವಾನ್ ಉಪವಾಸವಿದ್ದೇ ಆಡಿ, 1995ರ ಫೆಬ್ರವರಿಯಲ್ಲಿ ತಿಂಗಳ ಉತ್ತಮ ಆಟಗಾರ ಆದ ಕಥೆ ಹೇಳಿದೆ.

"ಅವರದ್ದು ಎಸಿ ಸ್ಟೇಡಿಯಂ ಮಾಷ್ಟ್ರೇ, ನಮ್ಮದು ಮಾರ್ಚ್ ಬಿಸಿಲು" ಎಂದ.

ಪ್ರಾಕ್ಟೀಸನ್ನು ಇಫ್ತಾರ್ ನಂತರಕ್ಕೆ ಹಾಕಿದೆ.